ಡೆನ್ಮಾರ್ಕಿನ ರೈತರೂ ಅವರ ಹಂದಿಗಳೂ



ಹಂದಿ ಸಾಕುವವರ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಿನಿಸಿಗೇ ಹೋಗುತ್ತದೆ. ಒಂದೇ ಬಗೆಯ ತಿನಿಸು ತಿಂದು ಒಂದು ಹಂದಿ ಬೇಗ ತೂಕಕ್ಕೆ ಬರುತ್ತದೆ. ಇನ್ನೊಂದು ತಿಂಗಳುಗಟ್ಟಲೆ ತಿಂದರೂ ಹಾಗೇ ಇರುತ್ತದೆ. ಇದೇಕೆ ಹೀಗೆ ಎಂದು ಲೆಕ್ಕ ಹಿಡಿದು ನೋಡಿ, ಅದರಿಂದಲೇ ಕಷ್ಟ ದಾಟಿದ ರೈತರು ಯೂರೋಪಿನ ಡೆನ್ಮಾರ್ಕ್ ದೇಶದವರು. ಅವರ ಕತೆ ಹೇಳುತ್ತೇನೆ, ಕೇಳಿ.

ಡೆನ್ಮಾರ್ಕ್ ಚಿಕ್ಕ ದೇಶ. ಧಾನ್ಯ ಬೆಳೆದು ಮಾರುವುದೇ ಅಲ್ಲಿಯವರ ಕಸುಬಾಗಿತ್ತು. 1870ರ ನಂತರ ಅಮೆರಿಕ, ರಷ್ಯಾಗಳ ಅಗ್ಗದ ಧಾನ್ಯ ಹಡಗುಗಟ್ಟಲೆ ಬಂದು ಬೆಲೆ ಕುಸಿಯಿತು. ಆಗ ಆ ರೈತರು ಧಾನ್ಯವನ್ನು ದನಕ್ಕೂ ಹಂದಿಗೂ ತಿನ್ನಿಸಿ, ಬೆಣ್ಣೆ, ಮಾಂಸ ಮಾರಲು ಹೊರಟರು. 1882ರಲ್ಲಿ ಯೆಡ್ಡಿಂಗ್ ಎಂಬ ಹಳ್ಳಿಯಲ್ಲಿ ಸಹಕಾರಿ ಡೈರಿ ಕಟ್ಟಿದರು. ಇಂಥ ಡೈರಿಗಳಲ್ಲಿ ಬೆಣ್ಣೆಗೆಂದು ಕೆನೆ ತೆಗೆದ ಮೇಲೆ ಉಳಿದ ಹಾಲು ರೈತನ ಮನೆಗೆ ವಾಪಸು ಬರುತ್ತಿತ್ತು. ಅದನ್ನು ಬಾರ್ಲಿಯ ಜೊತೆ ಹಂದಿಗೆ ಹಾಕಿದರು. ಧಾನ್ಯದಿಂದ ಶಕ್ತಿ, ಹಾಲಿನಿಂದ ಮಾಂಸ ಕಟ್ಟುವ ಸತ್ವ. ಎರಡೂ ಕೂಡಿದಾಗ ಮರಿಗಳು ಚೆನ್ನಾಗಿ ಬೆಳೆದವು.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅವರ ಜೀವಂತ ಹಂದಿಗಳನ್ನು ಕೊಳ್ಳುತ್ತಿದ್ದ ಜರ್ಮನಿ, ರೋಗದ ಕಾರಣ ಹೇಳಿ 1887ರಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಹಾರ್ಸೆನ್ಸ್ ಊರಿನಲ್ಲಿ ರೈತರ ಮೊದಲ ಸಹಕಾರಿ ಕಸಾಯಿಖಾನೆ ಶುರುವಾಯಿತು. ಉಪ್ಪು ಹಾಕಿ ಹದಮಾಡಿದ ಮಾಂಸ, ಅಂದರೆ ಬೇಕನ್, ಇಂಗ್ಲೆಂಡಿಗೆ ಹೊರಟಿತು. ಅಲ್ಲಿಯ ಗಿರಾಕಿಗೆ ಕೊಬ್ಬಿದ ಹಂದಿ ಬೇಡ; ಮೈ ನೀಳವಾಗಿ, ಕೊಬ್ಬು ತೆಳುವಾಗಿ ಇರಬೇಕು. ಅದಕ್ಕಾಗಿ ಇಂಗ್ಲೆಂಡಿನ ಲಾರ್ಜ್ ವೈಟ್ ಗಂಡುಗಳನ್ನು ತರಿಸಿದರು. ಊರ ತಳಿಯಲ್ಲೂ ಒಳ್ಳೆಯವನ್ನು ಆರಿಸಿ ಬೆಳೆಸಿದರು. ಆ ಊರ ತಳಿಯೇ ಲ್ಯಾಂಡ್‌ರೇಸ್. ಈ ಎರಡು ಹೆಸರೂ ಇವತ್ತು ನಮ್ಮ ದೇಶದ ಹಂದಿ ಫಾರಮ್ಮುಗಳಲ್ಲಿ ಕೇಳಿಬರುತ್ತವೆ.

ಸರಿ, ಒಳ್ಳೆಯ ಹಂದಿಯನ್ನು ಗುರುತಿಸುವುದು ಹೇಗೆ? ಕಣ್ಣಂದಾಜು ಸಾಲದು ಎಂದು ಅವರಿಗೆ ತಿಳಿಯಿತು. 1907ರಿಂದ ಪರೀಕ್ಷಾ ಕೇಂದ್ರ ತೆರೆದರು. ಒಂದು ಸೂಲಿನ 4 ಮರಿಗಳನ್ನು ಅಲ್ಲಿಗೆ ಕಳಿಸಬೇಕು. ಎಲ್ಲ ಸೂಲಿನ ಮರಿಗಳಿಗೂ ಒಂದೇ ಬಗೆಯ ತಿನಿಸು. ತಿಂದದ್ದೆಷ್ಟು, ತೂಕ ಏರಿದ್ದೆಷ್ಟು, ಕೊಯ್ದ ಮೇಲೆ ಮೈಯುದ್ದವೆಷ್ಟು, ಬೆನ್ನಿನ ಕೊಬ್ಬು ಎಷ್ಟು ದಪ್ಪ, ಎಲ್ಲವನ್ನೂ ಬರೆದಿಟ್ಟರು. ಮರಿಗಳ ಲೆಕ್ಕ ನೋಡಿ ತಾಯಿ ತಂದೆಯನ್ನು ಉಳಿಸಿಕೊಳ್ಳುವುದೋ ಬಿಡುವುದೋ ತೀರ್ಮಾನಿಸಿದರು. ವರ್ಷ ವರ್ಷ ಹೀಗೆ ಆರಿಸುತ್ತ ಬಂದು ಲ್ಯಾಂಡ್‌ರೇಸ್ ಲೋಕಪ್ರಸಿದ್ಧವಾಯಿತು.

ಇನ್ನೊಂದು ಸಂಗತಿ. ಡೈರಿಯಲ್ಲಿ ಎಲ್ಲರ ಹಾಲೂ ಬೆರೆತು ಮರಳುವಾಗ, ಒಬ್ಬರ ಹಸುವಿನ ಕ್ಷಯ ಹಲವು ಮನೆಯ ಕರುಗಳಿಗೂ ಹಂದಿಗಳಿಗೂ ಹತ್ತುತ್ತಿತ್ತು. 1898ರಲ್ಲಿ, ಹಾಲನ್ನು ಕಾಯಿಸಿಯೇ ಹಿಂದಕ್ಕೆ ಕೊಡಬೇಕೆಂದು ಕಾನೂನು ಬಂತು.

ಇದರಿಂದ ನಮಗೇನು ಎನ್ನುತ್ತೀರಾ? ಕೆನೆ ತೆಗೆದ ಹಾಲು ನಮಗೆ ಸಿಕ್ಕದಿರಬಹುದು. ಮುಸುಕಿನ ಜೋಳ, ಅಕ್ಕಿ ತೌಡಿನ ಜೊತೆ ಕಡಲೆಕಾಯಿ ಹಿಂಡಿಯನ್ನೋ ಸೋಯಾ ಹಿಂಡಿಯನ್ನೋ ಬೆರೆಸಿ, ಖನಿಜ ಮಿಶ್ರಣ ಸೇರಿಸಿ ಕೊಡಿ. ಬೂಷ್ಟು ಹಿಡಿದ ಹಿಂಡಿ ಬೇಡವೇ ಬೇಡ. ಹೋಟೆಲಿನ ಮುಸುರೆ ತರುವವರು ಮಾಂಸದ ಚೂರಿರುವುದನ್ನು ಬಿಟ್ಟುಬಿಡಿ. ಉಳಿದದ್ದನ್ನು ಕಲಕುತ್ತ ಒಂದು ಗಂಟೆ ಕುದಿಸಿ, ಆರಿಸಿ ಹಾಕಿ. 2020ರಲ್ಲಿ ಅಸ್ಸಾಮಿಗೆ ಬಂದ ಆಫ್ರಿಕನ್ ಹಂದಿ ಜ್ವರ ಇಂಥ ಮುಸುರೆಯಿಂದಲೂ ಹರಡುತ್ತದೆ. ಅದಕ್ಕೆ ಮದ್ದಿಲ್ಲ, ದೊಡ್ಡಿಗೆ ದೊಡ್ಡಿಯೇ ಬರಿದಾಗುತ್ತದೆ.

ಇನ್ನು ತಳಿಯ ವಿಚಾರ. ಹೆಣ್ಣಿಗೆ ಗಂಡು ಕೂಡಿಸಿದ ದಿನ ಬರೆದಿಡಿ. ಸುಮಾರು 114 ದಿನಕ್ಕೆ, ಅಂದರೆ 3 ತಿಂಗಳು 3 ವಾರ 3 ದಿನಕ್ಕೆ, ಈಯುತ್ತದೆ. ಹುಟ್ಟಿದ ಮರಿ ಎಷ್ಟು, ಹಾಲು ಬಿಡಿಸುವಾಗ ಉಳಿದದ್ದೆಷ್ಟು, ಅವುಗಳ ತೂಕವೆಷ್ಟು, ಇದೂ ಪುಸ್ತಕದಲ್ಲಿರಲಿ. ಒಡಹುಟ್ಟಿದ ಗಂಡು ಹೆಣ್ಣನ್ನು ಕೂಡಿಸಬೇಡಿ. ಒಳ್ಳೆಯ ಬೆಲೆ ಬಂತೆಂದು ಚೆನ್ನಾಗಿ ಬೆಳೆದ ಹೆಣ್ಣು ಮರಿಯನ್ನೇ ಮೊದಲು ಮಾರಿ, ಕುಗ್ಗಿದ್ದನ್ನು ತಾಯಿಗೆಂದು ಇಟ್ಟುಕೊಂಡರೆ ಮುಂದಿನ ಸೂಲೂ ಕುಗ್ಗುತ್ತದೆ.

ಬರೆಯಲು ಬರುವುದಿಲ್ಲ ಎನ್ನಬೇಡಿ. ಶಾಲೆಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದಾರಲ್ಲ, ಅವರ ಕೈಗೆ ಒಂದು ನೋಟುಪುಸ್ತಕ ಕೊಡಿ.