ರಾಗಿ ಬೇರು, ತೊಗರಿ ಬೇರು: ಮಣ್ಣೊಳಗಿನ 140 ವರ್ಷದ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಬೇರುಗಳ ಇತಿಹಾಸ ಮಾತ್ರ ಇದೆ. ಸ್ಕಿಪ್ ಮಾಡ್ಬೇಡಿ, ಕಥೆ ಕೊನೆಗೆ ನಮ್ಮ ರಾಗಿ ಹೊಲಕ್ಕೇ ಬರುತ್ತೆ.

ಶುರುವಾಗೋದು 1885ರ ಜರ್ಮನಿಯಲ್ಲಿ. ಟ್ರಫಲ್ ಅಂತ ನೆಲದೊಳಗೆ ಬೆಳೆಯೋ ದುಬಾರಿ ಅಣಬೆ ಇದೆ. ಅದನ್ನ ನಮ್ಮಲ್ಲೂ ಬೆಳೆಸೋಕೆ ಆಗುತ್ತಾ ನೋಡಿ ಅಂತ ಪ್ರಷ್ಯಾ ಸರ್ಕಾರ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಅನ್ನೋ ಸಸ್ಯವಿಜ್ಞಾನಿಗೆ ಕೆಲಸ ಒಪ್ಪಿಸಿತ್ತು. ಅವರು ಮರದ ಬೇರು ಅಗೆದು ನೋಡಿದ್ರೆ, ಬೇರಿನ ತುದಿಗಳಿಗೆಲ್ಲ ಶಿಲೀಂಧ್ರದ ಕವಚ! ಮರ ಮಾತ್ರ ಆರೋಗ್ಯವಾಗಿದೆ. ಅಂದ್ರೆ ಇದು ರೋಗ ಅಲ್ಲ, ಮರಕ್ಕೆ ನೀರು, ಪೋಷಕಾಂಶ ತಂದುಕೊಡೋದೇ ಈ ಶಿಲೀಂಧ್ರ ಅಂದ್ರು ಫ್ರಾಂಕ್. ಅದಕ್ಕೆ ಮೈಕೊರೈಜಾ ಅಂತ ಹೆಸರಿಟ್ರು. ಗ್ರೀಕ್‌ನಲ್ಲಿ ಶಿಲೀಂಧ್ರ-ಬೇರು ಅಂತ ಅರ್ಥ. ಆ ಕಾಲದ ಅನೇಕರು ಇದನ್ನ ನಂಬಲೇ ಇಲ್ಲ.

ಮರುವರ್ಷ, 1886ರಲ್ಲಿ, ದ್ವಿದಳ ಗಿಡಗಳ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿಯುತ್ತವೆ ಅಂತ ಹೆಲ್ರೀಗಲ್ ಮತ್ತು ವಿಲ್ಫಾರ್ತ್ ತೋರಿಸಿದ್ರು. 1904ರಲ್ಲಿ ಲೊರೆಂಜ್ ಹಿಲ್ಟ್ನರ್ ಬೇರಿನ ಪ್ರಭಾವ ಇರೋ ಮಣ್ಣಿನ ಪದರಕ್ಕೆ ರೈಜೋಸ್ಫಿಯರ್ ಅಂದ್ರು. ಎಲೆ ಬಿಸಿಲಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲು ಬೇರಿನಿಂದ, ಅದರಲ್ಲೂ ತುದಿಗಳಿಂದ, ಮಣ್ಣಿಗೆ ಸೋರುತ್ತೆ. ಅದನ್ನ ತಿನ್ನೋಕೆ ಸೂಕ್ಷ್ಮಜೀವಿಗಳು ಮುತ್ತಿಕೊಳ್ತವೆ. ಬಿಕಾಂ ಭಾಷೆಯಲ್ಲಿ ಇದನ್ನ ಸಂಬಳದ ಖರ್ಚು ಅಂತ ಬರೀಬಹುದು. ಒಳ್ಳೇವ್ರ ಜೊತೆ ಕರೆಯದ ನೆಂಟರೂ ಬರ್ತಾರೆ ಅನ್ನೋದು ಹಿಲ್ಟ್ನರ್‌ಗೂ ಗೊತ್ತಿತ್ತು.

ಬೇರಿನ ಆಕಾರ ಇಲ್ಲಿ ಮುಖ್ಯ ಆಗುತ್ತೆ. ತುದಿಗಳು ಹೆಚ್ಚಿದ್ರೆ ಊಟದ ಎಲೆಗಳೂ ಹೆಚ್ಚು. 1975ರಲ್ಲಿ ನ್ಯೂಜಿಲೆಂಡಿನ ಬೇಲಿಸ್ ಇನ್ನೊಂದು ಮಾತು ಸೇರಿಸಿದ್ರು: ದಪ್ಪ ಬೇರಿದ್ದು ರೋಮ ಕಮ್ಮಿ ಇರೋ ಗಿಡಗಳು ಶಿಲೀಂಧ್ರವನ್ನೇ ಹೆಚ್ಚು ನೆಚ್ಚಿಕೊಂಡಿರ್ತವೆ, ಹುಲ್ಲಿನ ಥರ ಸಣ್ಣ ಬೇರು, ತುಂಬಾ ರೋಮ ಇರೋವು ತಾವೇ ಸಂಭಾಳಿಸ್ಕೊಳ್ತವೆ.

ಈಗ ಹಳೇ ಮೈಸೂರು ಕಡೆ ಬನ್ನಿ. ರಾಗಿ ಸಾಲುಗಳ ನಡುವೆ ತೊಗರಿ, ಅವರೆ, ಹುಚ್ಚೆಳ್ಳು ಹಾಕೋದಕ್ಕೆ ಅಕ್ಕಡಿ ಸಾಲು ಅಂತಾರೆ. ರಾಗಿ ಹುಲ್ಲಿನ ಜಾತಿ, ತಂತುಬೇರು, ಮೇಲ್ಮಣ್ಣಲ್ಲೇ ಹರಡುತ್ತೆ. ತೊಗರಿಯ ತಾಯಿಬೇರು ಸೀದಾ ಆಳಕ್ಕಿಳಿಯುತ್ತೆ. ಕೆಂಪು ಮಣ್ಣಲ್ಲಿ ರಂಜಕ ಕಬ್ಬಿಣಕ್ಕೆ ಅಂಟಿಕೊಂಡು ಕೂತಿರುತ್ತೆ, ಜೋಳದಂಥ ಬೆಳೆಗೆ ಸುಲಭಕ್ಕೆ ದಕ್ಕಲ್ಲ. ತೊಗರಿ ಬೇರು ಪಿಸಿಡಿಕ್ ಆಮ್ಲ ಸುರಿಸಿ ಅದನ್ನ ಬಿಡಿಸಿಕೊಳ್ಳುತ್ತೆ ಅಂತ ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡಿದ ವಿಜ್ಞಾನಿಗಳು 1990ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ನಮ್ಮ ಅಜ್ಜಂದಿರಿಗೆ ಆಮ್ಲದ ಹೆಸರು ಗೊತ್ತಿರ್ಲಿಲ್ಲ, ಜೋಡಿ ಗೊತ್ತಿತ್ತು.

ಸ್ವಿಟ್ಜರ್ಲೆಂಡ್ ಮತ್ತು ಭಾರತದ ಸಂಶೋಧಕರು ಇತ್ತೀಚಿನ ವರ್ಷಗಳಲ್ಲಿ ಇದೇ ರಾಗಿ-ತೊಗರಿ ಜೋಡಿ ಮೇಲೆ ಪ್ರಯೋಗ ಮಾಡಿದ್ದಾರೆ. ರಾತ್ರಿ ಹೊತ್ತು ತೊಗರಿ ಬೇರು ಆಳದ ತೇವವನ್ನ ಮೇಲೆತ್ತಿ ಒಣ ಮಣ್ಣಿಗೆ ಒಂದಿಷ್ಟು ಬಿಡುತ್ತೆ. ಎರಡೂ ಗಿಡಕ್ಕೆ ಅಂಟಿಕೊಂಡಿರೋ ಶಿಲೀಂಧ್ರದ ಎಳೆಗಳು ಅದರಲ್ಲಿ ಪಾಲನ್ನ ರಾಗಿಗೆ ಮುಟ್ಟಿಸೋಕೆ ನೆರವಾಗ್ತವೆ. ಆದ್ರೆ ಕುಂಡದಲ್ಲಿ ಆಗಿದ್ದು ಹೊಲದಲ್ಲೂ ಹಾಗೇ ಆಗ್ಬೇಕು ಅಂತೇನಿಲ್ಲ. ಸಾಲು ತಪ್ಪಿದ್ರೆ ತೊಗರಿಯೇ ರಾಗಿ ಜೊತೆ ನೀರಿಗೆ ಜಗಳಕ್ಕಿಳಿಯುತ್ತೆ. ಎಷ್ಟು ಸಾಲಿಗೆ ಒಂದು ಅಕ್ಕಡಿ ಅನ್ನೋದು ಅದಕ್ಕೇ ಇಷ್ಟು ಮುಖ್ಯ.

ಕಟಾವು ಯಂತ್ರಕ್ಕೆ ಒಂದೇ ಬೆಳೆ ಸಲೀಸು. ಅಕ್ಕಡಿ ಬಿಟ್ಟ ಹೊಲದಲ್ಲಿ ರಾಗಿ ಕೊಯ್ದ ಮೇಲೆ ನೆಲ ಖಾಲಿ, ಶಿಲೀಂಧ್ರಕ್ಕೆ ಸಕ್ಕರೆ ಕೊಡೋ ಜೀವಂತ ಬೇರು ಇಲ್ಲ. ಅಕ್ಕಡಿ ಇದ್ದ ಹೊಲದಲ್ಲಿ ತೊಗರಿ ಇನ್ನೂ ಕೆಲವು ವಾರ ನಿಂತಿರುತ್ತೆ, ಮೇಲೆ ಕಾಯಿ ಬಲಿಯುತ್ತಾ, ಕೆಳಗೆ ಅವಕ್ಕೆ ಸಂಬಳ ಕೊಡ್ತಾ.