ಬರೆದದ್ದನ್ನು ಮರೆಯಬಹುದೇ?

ಅಧಿಕಾರಕ್ಕೆ ಬಂದವರು ಹಿಂದೆ ಆಡಿದ ಮಾತನ್ನು ಮರೆಯುವುದು ನಮಗೆ ಹೊಸದಲ್ಲ. ಆದರೆ ಬರೆದ ಪುಸ್ತಕವನ್ನು ಮರೆಯುವುದು ಅಷ್ಟು ಸುಲಭವಲ್ಲ. ಅದನ್ನು ಯಾರಾದರೂ ಎಂದಾದರೂ ತೆರೆದು ನೋಡುತ್ತಾರೆ. ಬ್ರೆಜಿಲಿನ ಫರ್ನಾಂಡೊ ಹೆನ್ರಿಕ್ ಕಾರ್ಡೊಜೊ ಈ ಇಕ್ಕಟ್ಟನ್ನು ಚೆನ್ನಾಗಿ ಬಲ್ಲವರು. ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1995ರಿಂದ ಎಂಟು ವರ್ಷ ದೇಶದ ಅಧ್ಯಕ್ಷರಾಗಿದ್ದರು. ತಾವು ಬರೆದುದನ್ನೆಲ್ಲ ಮರೆತುಬಿಡಿರೆಂದು ಅವರು ಹೇಳಿದರೆಂಬ ಮಾತು ಅಲ್ಲಿ ಗಾದೆಯಂತೆ ಹಬ್ಬಿತು. ಹಾಗೆ ಹೇಳಿಯೇ ಇಲ್ಲವೆಂದು ಅವರು ನಿರಾಕರಿಸುತ್ತಲೇ ಬಂದರು. ಹೇಳಿದರೋ ಇಲ್ಲವೋ ಎಂಬುದಕ್ಕಿಂತ, ಅವರು ಬರೆದದ್ದೇನು ಎಂಬುದು ನಮಗೆ ಮುಖ್ಯ.

ಕಾರ್ಡೊಜೊ ಹುಟ್ಟಿದ್ದು 1931ರಲ್ಲಿ, ರಿಯೊ ಡಿ ಜನೈರೊದಲ್ಲಿ. ಸಾವೊ ಪಾಲೊ ವಿಶ್ವವಿದ್ಯಾಲಯದಲ್ಲಿ ಫ್ಲೊರೆಸ್ತಾನ್ ಫರ್ನಾಂಡಿಸ್ ಅವರ ಶಿಷ್ಯರಾಗಿ ಬೆಳೆದರು. 1958ರಲ್ಲಿ ಅಲ್ಲಿನ ತರುಣ ಅಧ್ಯಾಪಕರು ಮಾರ್ಕ್ಸನ ‘ಕ್ಯಾಪಿಟಲ್’ ಗ್ರಂಥವನ್ನು ಕೂಡಿ ಓದುವ ಬಳಗವೊಂದನ್ನು ಕಟ್ಟಿಕೊಂಡಾಗ ಅವರೂ ಅದರಲ್ಲಿದ್ದರು. ನಮ್ಮಂತೆ ಓದುವುದಕ್ಕೆಂದೇ ಸೇರುವವರಿಗೆ ಇದು ಹಿತವೆನಿಸುವ ಸಂಗತಿ. ಅವರ ಸಂಶೋಧನ ಪ್ರಬಂಧ 1962ರಲ್ಲಿ ಪುಸ್ತಕವಾಯಿತು. ದಕ್ಷಿಣ ಬ್ರೆಜಿಲಿನ ಗುಲಾಮಗಿರಿಯೇ ಅದರ ವಸ್ತು. ತಮ್ಮ ದೇಶದ ಗುಲಾಮಗಿರಿ ಮೃದುವಾದದ್ದೆಂದು ನಂಬಿ ಸಮಾಧಾನಪಟ್ಟುಕೊಂಡಿದ್ದವರಿಗೆ ಆ ಪುಸ್ತಕ ಕಹಿಯಾಗಿತ್ತು.

1964ರ ಸೈನಿಕ ಕ್ರಾಂತಿ ಅವರನ್ನು ಚಿಲಿಗೆ ಅಟ್ಟಿತು. ಅಲ್ಲಿ ಎಂಜೊ ಫಲೆತ್ತೊ ಅವರೊಡನೆ ಬರೆದ, 1969ರಲ್ಲಿ ಪ್ರಕಟವಾದ ಅವಲಂಬನೆಯ ಕುರಿತ ಕೃತಿ ಅವರಿಗೆ ಜಗತ್ತಿನ ಹೆಸರು ತಂದಿತು. ಶ್ರೀಮಂತ ದೇಶಗಳು ಬಡ ದೇಶಗಳನ್ನು ಎಂದೆಂದಿಗೂ ಬೆಳೆಯಗೊಡುವುದಿಲ್ಲವೆಂಬ ಸರಳ ವಾದ ಅದರಲ್ಲಿಲ್ಲ. ಅವಲಂಬನೆಯ ಒಳಗೂ ಬೆಳವಣಿಗೆ ಸಾಧ್ಯ. ಅದರ ರೂಪವನ್ನು ನಿರ್ಧರಿಸುವುದು ಹೊರಗಿನ ಬಂಡವಾಳವೊಂದೇ ಅಲ್ಲ, ಒಳಗಿನ ವರ್ಗಗಳ ಹೊಂದಾಣಿಕೆಯೂ ಹೌದು ಎಂಬುದು ಅದರ ತಿರುಳು. ಅದೇ ವರ್ಷ ಸೈನಿಕ ಆಡಳಿತ ಅವರನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸಿತು. ಆಗಿನ್ನೂ ಅವರಿಗೆ ನಲವತ್ತು ತುಂಬಿರಲಿಲ್ಲ. ಕೆಲಸ ಕಳೆದುಕೊಂಡ ಸಹೋದ್ಯೋಗಿಗಳೊಡನೆ ಅವರು ಸೆಬ್ರಾಪ್ ಎಂಬ ಸಂಶೋಧನ ಸಂಸ್ಥೆಯನ್ನು ಕಟ್ಟಿದರು.

ರಾಜಕೀಯ ಅವರನ್ನು ಮೊದಲು ನಗೆಪಾಟಲು ಮಾಡಿತು. 1985ರಲ್ಲಿ ಸಾವೊ ಪಾಲೊ ಮೇಯರ್ ಚುನಾವಣೆಯ ಹಿಂದಿನ ದಿನ ಅವರು ಮೇಯರ್ ಕುರ್ಚಿಯಲ್ಲಿ ಕುಳಿತು ಛಾಯಾಚಿತ್ರ ತೆಗೆಸಿಕೊಂಡು, ಮರುದಿನ ಸೋತರು. ಗೆದ್ದ ಜಾನಿಯೊ ಕ್ವಾದ್ರೊಸ್ ಆ ಕುರ್ಚಿಗೆ ಕ್ರಿಮಿನಾಶಕ ಸಿಂಪಡಿಸಿಯೇ ಕುಳಿತರು. ಹಣದುಬ್ಬರ ವರ್ಷಕ್ಕೆ ಶೇಕಡಾ 2,000 ಮೀರಿದ್ದ 1993ರಲ್ಲಿ ಅವರು ಅರ್ಥಮಂತ್ರಿಯಾದರು. ಮರುವರ್ಷ ಜುಲೈಯಲ್ಲಿ ಬಂದ ‘ರಿಯಾಲ್’ ನಾಣ್ಯ ಬೆಲೆಗಳನ್ನು ನಿಲ್ಲಿಸಿತು, ಅವರನ್ನು ಅಧ್ಯಕ್ಷರನ್ನಾಗಿಸಿತು. ಮುಂದೆ ವಾಲೆಯಂಥ ಸರ್ಕಾರಿ ಗಣಿ ಉದ್ಯಮ ಖಾಸಗಿಯವರ ಪಾಲಾದಾಗ, 1996ರ ಏಪ್ರಿಲ್‌ನಲ್ಲಿ ಕರಾಜಾಸ್ ಬಳಿ ಪಾರಾ ರಾಜ್ಯದ ಪೊಲೀಸರು 19 ಭೂಹೀನರನ್ನು ಕೊಂದಾಗ, ಹಳೆಯ ಓದುಗರು ಅವರ ಪುಸ್ತಕಗಳನ್ನೇ ಅವರಿಗೆ ಹಿಡಿದು ತೋರಿಸಿದರು. ಆ ಆಕ್ಷೇಪ ನ್ಯಾಯವಾದುದೇ.

ಆದರೂ ನಾವು ಇನ್ನೊಂದು ಸಂಗತಿಯನ್ನು ಮರೆಯಲಾರೆವು. ಕಾಯಿದೆಯಂತೆ 1888ರಲ್ಲೇ ಗುಲಾಮಗಿರಿ ಅಳಿದ ದೇಶದಲ್ಲಿ, ಸಾಲದ ಸಂಕೋಲೆಯ ದುಡಿಮೆ ಇನ್ನೂ ಇದೆಯೆಂದು 1995ರಲ್ಲಿ ಅಧ್ಯಕ್ಷ ಕಾರ್ಡೊಜೊ ಬಹಿರಂಗವಾಗಿ ಒಪ್ಪಿಕೊಂಡರು. ‘ಚೋಮನ ದುಡಿ’ಯನ್ನು ಓದಿದ ನಮಗೆ ಆ ಸಂಕೋಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಮಿಕ ತನಿಖಾಧಿಕಾರಿಗಳ ಸಂಚಾರಿ ತಂಡಗಳು ಪೊಲೀಸರ ಬೆಂಗಾವಲಿನಲ್ಲಿ ದೂರದ ತೋಟಗಳಿಗೆ, ಹುಲ್ಲುಗಾವಲುಗಳಿಗೆ ಹೋಗತೊಡಗಿದವು. ಅಂದಿನಿಂದ ಬಿಡುಗಡೆಯಾದವರು 50,000ಕ್ಕೂ ಹೆಚ್ಚು.

ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಒಂದು ವಿಷಯ ಗೊತ್ತು. ‘ಇಲ್ಲ’ ಎಂದು ಬರೆದುಬಿಟ್ಟರೆ ಯಾರೂ ಎಲ್ಲಿಗೂ ಹೋಗಬೇಕಿಲ್ಲ. ‘ಇದೆ’ ಎಂದು ಬರೆದರೆ ಯಾರಾದರೂ ಹೊರಡಲೇಬೇಕು. ‘ಇದೆ’ ಎಂದವರು ಆ ಅಧ್ಯಕ್ಷರೋ, ಮೂವತ್ಮೂರು ವರ್ಷಗಳ ಹಿಂದೆ ಗುಲಾಮರ ಕುರಿತು ಪುಸ್ತಕ ಬರೆದ ತರುಣ ಅಧ್ಯಾಪಕರೋ? ಅವರು ಎಲ್ಲವನ್ನೂ ಮರೆತಿರಲಿಲ್ಲ ಎಂದೇ ನಾವು ನಂಬುತ್ತೇವೆ.