ಕಲ್ದಾರ್ ತೂಗುವ ಮೊದಲು

ಹೋದ ದೀಪಾವಳಿ ಮುಗಿದ ವಾರ ಕಮಲಾಪುರದಿಂದ ಕಾಕಾ ಫೋನ್ ಮಾಡಿದರು. "ತಮ್ಮಾ, ಆಯಿ ಟ್ರಂಕಿನ್ಯಾಗ ಹಳೀ ರೊಕ್ಕ ಅವ ನೋಡು, ಅದ್ರಾಗ ವಿಕ್ಟೋರಿಯಾ ರಾಣಿದೊಂದು ಅದ. ಮೊಬೈಲ್‌ನ್ಯಾಗ ತೋರಸ್ಲತ್ತಾರ, ಹತ್ತು ಲಕ್ಷ ಕೊಡ್ತಾರಂತ." ಬೋರಿನ ಮೋಟರ್ ಸುಟ್ಟು ಎಂಟು ದಿನವಾಗಿತ್ತು, ಬಾಳೆಗೆ ನೀರಿರಲಿಲ್ಲ. ಅಂಥ ಹೊತ್ತಿನಲ್ಲಿ ಹತ್ತು ಲಕ್ಷ ಎಂಬ ಮಾತು ಕಿವಿಗೆ ಬಿದ್ದರೆ ಯಾರಿಗಾದರೂ ನಿದ್ದೆ ಬರುವುದಿಲ್ಲ. ವಿಡಿಯೋದಲ್ಲಿದ್ದ ನಂಬರಿಗೆ ಕಾಕಾ ಆಗಲೇ ಮಾತಾಡಿದ್ದರು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ, 'ರಿಜಿಸ್ಟ್ರೇಷನ್' ಅಂತ ಎರಡು ಸಾವಿರ ಹಾಕಿರಿ ಅಂದಿದ್ದರಂತೆ.

ಹಾಕಬೇಡಿ ಅಂದೆ. ಹಳೆಯ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು, ಲೋಗೋ ಬಳಸಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಆ ಬ್ಯಾಂಕು ಇಂಥ ವ್ಯಾಪಾರ ಮಾಡುವುದೂ ಇಲ್ಲ, ಯಾರಿಗೂ ವಹಿಸಿಯೂ ಇಲ್ಲ. ಮರುದಿನ ಬಸ್ಸು ಹಿಡಿದು ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರಕ್ಕೆ ಹೋದೆ.

ಟ್ರಂಕಿನ ತಳದಲ್ಲಿ ಹಳದಿ ಬಟ್ಟೆಯ ಗಂಟು. ಬಿಚ್ಚಿದರೆ ಏಳು ರೂಪಾಯಿ. ಐದರ ಮೇಲೆ ರಾಜ-ರಾಣಿಯರ ಮುಖ, ಎರಡರ ಮೇಲೆ ಚಾರ್ಮಿನಾರ್. ಆಯಿ ಇದ್ದಾಗ ಇವಕ್ಕೆ ಎರಡು ಹೆಸರು: ಮುಖ ಇದ್ದದ್ದು ಕಲ್ದಾರ್, ಚಾರ್ಮಿನಾರ್ ಇದ್ದದ್ದು ಹಾಲಿ. ಕಲ್ ಅಂದರೆ ಯಂತ್ರ. ಯಂತ್ರದಲ್ಲಿ ಒತ್ತಿದ್ದು ಕಲ್ದಾರ್. ಹಾಲಿ ಅಂದರೆ ಚಾಲ್ತಿಯಲ್ಲಿರುವುದು. ಈ ಎರಡು ಶಬ್ದಗಳ ನಡುವೆ ನಮ್ಮ ಜಿಲ್ಲೆಯ ನೂರು ವರ್ಷದ ಲೆಕ್ಕ ಅಡಗಿದೆ.

ಮೈಸೂರು ಕಡೆಯ ಓದುಗರಿಗೆ ಒಂದು ಮಾತು. ಕಲಬುರಗಿ ಬ್ರಿಟಿಷರ ನೆಲವಲ್ಲ, ನಿಜಾಮರ ನೆಲ. ಇಲ್ಲಿ ಕಂದಾಯ ಕಟ್ಟುವುದು, ಸಂತೆ ಮಾಡುವುದು, ಪೊಲೀಸನ ಪಗಾರ ಎಲ್ಲ ಹಾಲಿ ಸಿಕ್ಕಾದಲ್ಲಿ. ಕಲ್ದಾರ್ ಬರುವುದು ಹೊರಗಿನಿಂದ. 1871ರಲ್ಲಿ ಬೊಂಬಾಯಿಯಿಂದ ಸೊಲ್ಲಾಪುರ, ಕಲಬುರಗಿ ಹಾದು ರಾಯಚೂರಿನವರೆಗೆ ರೈಲು ಬಂತು. ಅದೇ ದಶಕದಲ್ಲಿ ಸೊಲ್ಲಾಪುರದಲ್ಲಿ ನೂಲಿನ ಗಿರಣಿ ಶುರುವಾಯಿತು. ಸೊಲ್ಲಾಪುರ ಬ್ರಿಟಿಷರದ್ದು, ಕೂಲಿ ಕಲ್ದಾರಿನಲ್ಲಿ. ನಮ್ಮ ಮುತ್ಯಾನ ಅಪ್ಪ ಆ ಗಿರಣಿಗೆ ಹೋಗಿ ಬಂದವರು ಎಂದು ಮನೆಯಲ್ಲಿ ಹೇಳುತ್ತಾರೆ. ನಿಜಾಮ ಸೀಮೆಯ ಹಳ್ಳಿಮನೆಯ ಟ್ರಂಕಿನಲ್ಲಿ ಇಂಗ್ಲೆಂಡಿನ ರಾಜನ ಮುಖ ಸಿಕ್ಕರೆ, ಆ ಮನೆಯವರು ಯಾರೋ ಗಡಿ ದಾಟಿ ದುಡಿದಿದ್ದಾರೆ ಅಥವಾ ಮಾಲು ಮಾರಿದ್ದಾರೆ ಎಂದು ಬಹುಮಟ್ಟಿಗೆ ಹೇಳಬಹುದು.

ಎರಡರ ನಡುವಿನ ವಿನಿಮಯಕ್ಕೆ 'ಬಟ್ಟಾ' ಅನ್ನುತ್ತಿದ್ದರು. ಮೊದಮೊದಲು ಏರಿಳಿತ ಇತ್ತು, ಆಮೇಲೆ ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂದು ನಿಂತಿತು. ಸರಳವಾಗಿ ಹೇಳಿದರೆ ಆರು ಕಲ್ದಾರಿಗೆ ಏಳು ಹಾಲಿ. ಇದು ಸರ್ಕಾರದ ಕಾಗದದ ದರ ಅಂದುಕೊಂಡಿದ್ದೆ. ಕಾಕಾನ ನಾಣ್ಯಗಳಿಗಾಗಿ ಲೆಕ್ಕ ಹಾಕಲು ಕೂತಾಗ ಬೆರಗಾಯಿತು. ಕಲ್ದಾರ್ ತೂಕ 180 ಗ್ರೇನ್, ಅಂದರೆ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಪ್ಪಟ ಬೆಳ್ಳಿ 10.69 ಗ್ರಾಂ. ಚಾರ್ಮಿನಾರ್ ರೂಪಾಯಿ 11.18 ಗ್ರಾಂ, ನೂರಕ್ಕೆ 81.8 ಬೆಳ್ಳಿ. ಅಪ್ಪಟ ಬೆಳ್ಳಿ 9.14 ಗ್ರಾಂ. ಎರಡನ್ನೂ ಭಾಗಿಸಿ ನೋಡಿ, ಹೆಚ್ಚುಕಡಿಮೆ ಏಳಕ್ಕೆ ಆರೇ ಬರುತ್ತದೆ. ದರ ಲೋಹದೊಳಗೇ ಕೂತಿತ್ತು. ಓದು ಬರಹ ಇಲ್ಲದ ಆಯಿ "ಹಾಲಿ ಹಗುರ" ಅನ್ನುತ್ತಿದ್ದಳಲ್ಲ, ಅದು ಬರೀ ತೂಕದ ಮಾತಾಗಿರಲಿಲ್ಲ.

ಅಂದಹಾಗೆ 180 ಗ್ರೇನ್ ಅಂದರೆ ಒಂದು ತೊಲಿ. ಸರಾಫನ ಹತ್ತಿರ ನಾವು ಇವತ್ತಿಗೂ ಕೇಳುವ ತೊಲಿಯ ಮೂಲ ಕಂಪನಿ ಸರ್ಕಾರದ ರೂಪಾಯಿಯ ತೂಕವೇ. 80 ರೂಪಾಯಿ ತೂಗಿದರೆ ಒಂದು ಸೇರು. ತೂಕದ ಕಲ್ಲಿಲ್ಲದ ಅಂಗಡಿಯಲ್ಲೂ ಜೇಬಿನ ರೂಪಾಯಿ ಕಲ್ಲಾಗುತ್ತಿತ್ತು.

ಈಗ ಗಂಟಿನ ಕಡೆ ಬರೋಣ. ಮೊದಲು ಮಾಡಬೇಕಾದ್ದು ಒಂದೊಂದನ್ನೇ ಬೇರೆ ಬೇರೆ ತೂಗುವುದು. ಗ್ರಾಂನ ನೂರನೇ ಭಾಗ ತೋರಿಸುವ ಸಣ್ಣ ತಕ್ಕಡಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. 1862ರ ವಿಕ್ಟೋರಿಯಾ 11.32, 1907ರ ಎಡ್ವರ್ಡ್ 11.58, 1918ರ ಐದನೇ ಜಾರ್ಜ್ ಎರಡು, 11.55 ಮತ್ತು 11.49. 1944ರ ಆರನೇ ಜಾರ್ಜ್ 11.60. ಚಾರ್ಮಿನಾರ್ 11.05 ಮತ್ತು 10.98. ಬ್ರಿಟಿಷರ ಕಾಲದ ಕಾಯ್ದೆಯಲ್ಲೂ ರೂಪಾಯಿ ಸವೆಯಲು ಮಿತಿ ಇತ್ತು. ನೂರಕ್ಕೆ ಎರಡು ಪಾಲಿನಷ್ಟು ಸವೆದರೆ ಸರಿ, ಅದಕ್ಕಿಂತ ಹಗುರಾದರೆ ಪೂರ್ತಿ ರೂಪಾಯಿ ಎಂದು ತಗೊಳ್ಳಲೇಬೇಕಿರಲಿಲ್ಲ. ಆ ಲೆಕ್ಕದಲ್ಲಿ ನಮ್ಮ ವಿಕ್ಟೋರಿಯಾ ರಾಣಿ ಆಗಲೇ ಫೇಲು.

ಎರಡನೆಯದು ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ನೀರಲ್ಲಿ ಮುಳುಗಿಸಿ ಹಿಡಿಯಿರಿ. ಒಳ್ಳೆಯ ಕಲ್ದಾರಾದರೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತದೆ. 1.3 ದಾಟಿದರೆ ಅದು ಹಿತ್ತಾಳೆ ಅಥವಾ ಬಿಳಿ ಲೋಹಕ್ಕೆ ಬೆಳ್ಳಿ ನೀರು ಕುಡಿಸಿದ್ದು. ನಾಣ್ಯಕ್ಕೆ ಗೀರೂ ಬೀಳುವುದಿಲ್ಲ, ಆಮ್ಲವೂ ಬೇಕಿಲ್ಲ. ಅಯಸ್ಕಾಂತವೂ ಕೈಯಲ್ಲಿರಲಿ. ಹುಲಿ ಚಿತ್ರದ 1947ರ ರೂಪಾಯಿಯನ್ನು ಎಷ್ಟೋ ಮನೆಗಳಲ್ಲಿ ಬೆಳ್ಳಿ ಎಂದೇ ಜೋಪಾನ ಮಾಡಿದ್ದಾರೆ. ಅದು ನಿಕ್ಕಲ್, ಅಯಸ್ಕಾಂತಕ್ಕೆ ಟಕ್ಕನೆ ಅಂಟುತ್ತದೆ.

ಇಸವಿ ನೋಡುವಾಗ 1940 ಒಂದು ಗೆರೆ. ಇಂಗ್ಲೆಂಡಿನಲ್ಲಿ 1920ರಲ್ಲೇ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಇಲ್ಲಿ ಅದನ್ನು ಮಾಡಿದ್ದು ಎರಡನೇ ಮಹಾಯುದ್ಧದಲ್ಲಿ, 1940ರಿಂದ. ಹಾಗಾಗಿ ನಮ್ಮ 1944ರ ನಾಣ್ಯ ತೂಕದಲ್ಲಿ ಏಳರಲ್ಲೇ ಹೆಚ್ಚು, ಬೆಳ್ಳಿಯಲ್ಲಿ ಏಳರಲ್ಲೇ ಕಡಿಮೆ: ಅರ್ಧಕ್ಕರ್ಧ, 5.8 ಗ್ರಾಂ. ಹಳೆಯ ಒಳ್ಳೆ ಬೆಳ್ಳಿಯ ರೂಪಾಯಿಗಳನ್ನು ಆಗ ಚಲಾವಣೆಯಿಂದಲೇ ತೆಗೆದರು. 1941ರಲ್ಲಿ ವಿಕ್ಟೋರಿಯಾ, 1942ರಲ್ಲಿ ಎಡ್ವರ್ಡ್, 1943ರಲ್ಲಿ ಜಾರ್ಜ್. ಕೋಟಿಗಟ್ಟಲೆ ಕರಗಿದವು. ಹಿಂದಿರುಗಿಸದೆ ಗಂಟು ಕಟ್ಟಿಟ್ಟವರ ಮನೆಯಲ್ಲಿ ಉಳಿದದ್ದೇ ಈಗ ಉಳಿದದ್ದು.

1918ರದ್ದು ನನಗೆ ಬಹಳ ಇಷ್ಟವಾದ ನಾಣ್ಯ, ಆದರೆ ಬೆಲೆ ಇಲ್ಲದ್ದು. ಮೊದಲ ಮಹಾಯುದ್ಧದಲ್ಲಿ ಇಲ್ಲಿ ಬೆಳ್ಳಿಗೆ ಬರ ಬಂತು, ನೋಟು ಹಿಡಿದವರು ರೂಪಾಯಿ ಕೇಳತೊಡಗಿದರು. ಆಗ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ಸುಮಾರು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು; ಬಹುಪಾಲು ಬ್ರಿಟನ್ ಕೈದಾಟಿ ಬೊಂಬಾಯಿ, ಕಲ್ಕತ್ತದ ಟಂಕಸಾಲೆಗೆ ಬಂತು. ಆ ಒಂದೇ ಇಸವಿಯ ರೂಪಾಯಿ ಎರಡೂ ಕಡೆ ಸೇರಿ 40 ಕೋಟಿ ಮೀರಿತು. ಕಮಲಾಪುರದ ಟ್ರಂಕಿನಲ್ಲಿ ಅಮೆರಿಕದ ಡಾಲರ್ ಮಲಗಿರಬಹುದು, ನಿಜ. ಆದರೆ 40 ಕೋಟಿ ಇರುವ ವಸ್ತುವಿಗೆ ಸಂಗ್ರಾಹಕ ಹೆಚ್ಚು ಕೊಡುವುದಿಲ್ಲ. ಸವೆದದ್ದಾದರೆ ಬೆಳ್ಳಿಯ ಬೆಲೆ, ಅದರ ಮೇಲೆ ಸ್ವಲ್ಪ.

ಹಾಗಾದರೆ ಅಪರೂಪ ಯಾವುದು? 1911ರ ಐದನೇ ಜಾರ್ಜ್ ರೂಪಾಯಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಗದ್ದಲವಾಗಿ ಅದನ್ನು ವಾಪಸ್ ತಗೊಂಡು, 1912ರಲ್ಲಿ ಸೊಂಡಿಲು ತಿದ್ದಿದರು. 1921, 1922ರವು ಕಡಿಮೆ. 1939ರದ್ದು ತೀರಾ ಅಪರೂಪ. ಅದಕ್ಕೇ ಸುಳ್ಳು 1939ಗಳೂ ಬಂದಿವೆ. ಆದರೆ ನಮ್ಮ 1862 ಅಪರೂಪದ್ದಲ್ಲ. ಅದೇ ಇಸವಿಯನ್ನು ಹತ್ತು ವರ್ಷಕ್ಕೂ ಹೆಚ್ಚು ಹಾಗೇ ಒತ್ತಿದರು, ಅಸಲು ವರ್ಷ ತಿಳಿಯಲಿ ಎಂದು ಸಣ್ಣ ಚುಕ್ಕೆ ಇಟ್ಟರು. ಭೂತಗನ್ನಡಿ ಹಿಡಿದು ಚುಕ್ಕೆ ಎಣಿಸಬೇಕು. ನಮ್ಮದರಲ್ಲಿ ಆ ಜಾಗವೇ ಸವೆದಿತ್ತು. ಇನ್ನು ಹನುಮಂತ, ರಾಮದರ್ಬಾರ್ ಇರುವ, 1818 ಎಂದು ಬರೆದ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಂತ ನಮ್ಮ ಕಡೆ ಬಹಳ ಓಡಾಡುತ್ತದಲ್ಲ, ಕಂಪನಿ ಅಂಥದ್ದನ್ನು ಒತ್ತಿಯೇ ಇಲ್ಲ. ಅವು ಆಮೇಲೆ ಯಾರೋ ಮಾಡಿದ ಬಿಲ್ಲೆಗಳು. ಅಕ್ಕಿ ಎಳೆಯುತ್ತದೆ ಎಂದು ಅವನ್ನು ತೋರಿಸಿ ಲಕ್ಷ ಲಕ್ಷ ವಸೂಲಿ ಮಾಡಿದವರ ಸುದ್ದಿಯನ್ನು ನಾನೇ ಬರೆದಿದ್ದೇನೆ.

ಇಸವಿ ಆದ ಮೇಲೆ ಸ್ಥಿತಿ. ನಾಣ್ಯ ಮೊದಲು ಸವೆಯುವುದು ಉಬ್ಬಿದ ಕಡೆ. ವಿಕ್ಟೋರಿಯಾಳಲ್ಲಿ ಕಿವಿಯ ಮೇಲಿನ ಕೂದಲೆಳೆ, ಕಿರೀಟದ ಮಣಿ ನೋಡಬೇಕು. ಎಡ್ವರ್ಡ್‌ಗೆ ಕಿರೀಟವಿಲ್ಲ, ಬೋಳುತಲೆ. ಹುಬ್ಬು, ಕಿವಿಯ ಅಂಚು, ಗಡ್ಡದ ಎಳೆ ನೋಡಬೇಕು. ಜಾರ್ಜ್‌ನಲ್ಲಿ ಕಿವಿ, ಮೀಸೆ, ನಿಲುವಂಗಿಯ ಆನೆ. ಅಕ್ಷರ ಓದಬಹುದು, ಮುಖ ಸಪಾಟು ಅಂದರೆ ವ್ಯಾಪಾರಿಗಳ ಭಾಷೆಯಲ್ಲಿ ಫೈನಿಗಿಂತ ಕೆಳಗೆ. ಕೂದಲೆಳೆ ಅರ್ಧಕ್ಕಿಂತ ಹೆಚ್ಚು ಕಂಡರೆ ವೆರಿ ಫೈನ್. ಉಬ್ಬಿನ ತುದಿ ಮಾತ್ರ ಒಂಚೂರು ಸವೆದಿದ್ದರೆ ಎಕ್ಸ್‌ಟ್ರಾ ಫೈನ್. ಕೈಯೇ ಬದಲಾಗದ ನಾಣ್ಯ ಓರೆ ಮಾಡಿದರೆ ಬೆಳಕು ಚಕ್ರದ ಅರೆಗಳಂತೆ ತಿರುಗುತ್ತದೆ. ಒಮ್ಮೆ ಕಂಡರೆ ಮರೆಯುವುದಿಲ್ಲ. ಒಂದೇ ಇಸವಿಯ ನಾಣ್ಯಕ್ಕೆ ಮೊದಲ ಮೆಟ್ಟಿಲಿಗೂ ಕೊನೆಯದಕ್ಕೂ ಬೆಲೆ ಹಲವು ಪಟ್ಟು. ಕೊಂಡಿ ಬೆಸೆದ ಗುರುತು, ತೂತು, ಸರಾಫರು ಹಿಂದೆ ಪರೀಕ್ಷೆಗೆ ಹೊಡೆದ ಛಾಪು ಇದ್ದರೆ ಆ ಲೆಕ್ಕ ಬಿಟ್ಟು ಬೆಳ್ಳಿಗೆ ಇಳಿಯುತ್ತದೆ. ನಮ್ಮ ತಾಂಡಾಗಳ ಹಿರಿಯ ಹೆಂಗಸರ ಒಡವೆಯಲ್ಲಿರುವ ರೂಪಾಯಿಗಳಿಗೆ ನಾಣ್ಯವಾಗಿ ಬೆಲೆ ಕಡಿಮೆ. ಒಡವೆಯಾಗಿ ಇಡಿಯಾಗಿ ಇದ್ದರೆ ಅದರ ಮಾತೇ ಬೇರೆ, ಒಂದೊಂದೇ ಬಿಚ್ಚಿ ಮಾರಬಾರದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಆ 1907ರ ಎಡ್ವರ್ಡ್ ಗಡ್ಡದ ಎಳೆ ಎಳೆ ಕಾಣುತ್ತದೆ. ಹೆಚ್ಚು ಚಲಾವಣೆಯಾಗದೆ ಗಂಟು ಸೇರಿದ್ದು. ಆದರೆ ಮೈತುಂಬ ಕೂದಲಿನಂಥ ಗೀರು, ಅಲ್ಯುಮಿನಿಯಂ ಪಾತ್ರೆಯಂಥ ಬಿಳಿ ಹೊಳಪು. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯ ಹಿಂದಿನ ದಿನ ಆಯಿ ಗಂಟು ಕೊಡುತ್ತಿದ್ದಳು. ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ಆಗುವವರೆಗೆ ತಿಕ್ಕುತ್ತಿದ್ದವನು ನಾನು. ಮೂರನೇ ಇಯತ್ತೆಯಿಂದ ಕಾಲೇಜಿನವರೆಗೆ. ಬೆಳ್ಳಿಯ ಮೇಲಿನ ಕಪ್ಪು-ನೀಲಿ ಛಾಯೆ ಕೊಳೆಯಲ್ಲ, ನೂರು ವರ್ಷದ ಗಾಳಿ ಹಾಕಿದ ಹೊದಿಕೆ. ಸಂಗ್ರಾಹಕ ಅದಕ್ಕೇ ದುಡ್ಡು ಕೊಡುತ್ತಾನೆ. ಬೆಂಗಳೂರಿನ ಪರಿಚಿತ ಸಂಗ್ರಾಹಕರಿಗೆ ಫೋಟೋ ಕಳಿಸಿದೆ. "ತಿಕ್ಕಿದ್ದಾರಲ್ರೀ" ಅಂತಷ್ಟೇ ಉತ್ತರ ಬಂತು.

ಏಳನ್ನೂ ತಗೊಂಡು ನಾನು, ಕಾಕಾ ಕಲಬುರಗಿಯ ಸರಾಫ್ ಬಜಾರಿಗೆ ಬಂದೆವು. ಮೊದಲ ಅಂಗಡಿಯವರು ಒಂದೇ ಕುಪ್ಪೆ ಮಾಡಿ ತಕ್ಕಡಿಗೆ ಸುರಿದರು. 79.57 ಗ್ರಾಂ. "ಹಳೀ ಬೆಳ್ಳಿ, ಅರವತ್ತು ಟಚ್" ಅಂದರು. ಅಂದರೆ ನೂರಕ್ಕೆ ಅರವತ್ತು ಬೆಳ್ಳಿ ಎಂದು ಹಿಡಿದು 47.7 ಗ್ರಾಂಗೆ ದುಡ್ಡು. ನಾನು ಬರೆದುಕೊಂಡು ಹೋಗಿದ್ದ ಚೀಟಿಯಲ್ಲಿ ಅಪ್ಪಟ ಬೆಳ್ಳಿ 65.9 ಗ್ರಾಂ. ಲೆಕ್ಕಕ್ಕೆ ಸುಲಭವಾಗಲಿ ಅಂತ ಗ್ರಾಂಗೆ 100 ರೂಪಾಯಿ ಹಿಡಿದರೂ 1,800 ರೂಪಾಯಿಯಷ್ಟು ವ್ಯತ್ಯಾಸ. ಕರಗಿಸುವ ಖರ್ಚು, ಲಾಭ ಅಂತ ಒಂದಿಷ್ಟು ಕಳೆಯುವುದು ವ್ಯಾಪಾರ, ಅದಕ್ಕೆ ತಕರಾರಿಲ್ಲ. ಆದರೆ ಅರ್ಧ ಬೆಳ್ಳಿಯ 1944ನ್ನು ಒಳ್ಳೆ ಬೆಳ್ಳಿಯ ನಾಲ್ಕರ ಜೊತೆ ಬೆರೆಸಿ ಎಲ್ಲಕ್ಕೂ ಒಂದೇ ಟಚ್ ಹಾಕುವುದು ವ್ಯಾಪಾರವಲ್ಲ.

ನಾಣ್ಯ ಕರಗಿಸುವ ಜಗಳ ಈ ಊರಿಗೆ ಹೊಸದೂ ಅಲ್ಲ. ಬಹಮನಿ ಕಾಲದಲ್ಲಿ ಇದೇ ಕಲಬುರಗಿ ಅಹಸನಾಬಾದ್ ಎಂಬ ಹೆಸರಲ್ಲಿ ಬೆಳ್ಳಿಯ ಟಂಕ ಒತ್ತುತ್ತಿತ್ತು. ತನ್ನ ನಾಣ್ಯ ಕರಗಿಸುತ್ತಿದ್ದಾರೆಂದು ಒಂದನೇ ಮಹಮ್ಮದ್ ಶಾ ಸರಾಫರನ್ನು ಕೊಲ್ಲಿಸಿದ ಎಂದು ಫರಿಷ್ತಾ ಬರೆಯುತ್ತಾನೆ. ಅವನು ಬರೆದದ್ದು ಎರಡೂವರೆ ಶತಮಾನದ ನಂತರ, ಹಾಗಾಗಿ ಎಲ್ಲವನ್ನೂ ಹಾಗೇ ನುಂಗಬೇಕಿಲ್ಲ.

ಎರಡನೇ ಅಂಗಡಿಯ ಮುದುಕರು ಚೀಟಿ ಕೇಳಿ ತಗೊಂಡು ಓದಿದರು. ಚಾರ್ಮಿನಾರಿನ ಬಾಗಿಲ ಕಮಾನಿನೊಳಗಿನ ಅಕ್ಷರ ಉಗುರಿನಿಂದ ತೋರಿಸಿ, "ಮೀಮ್ ಇದ್ರ ಮೆಹಬೂಬ್ ಪಾಶಾಂದು, ಐನ್ ಇದ್ರ ಉಸ್ಮಾನ್ ಪಾಶಾಂದು. ಇವೆರಡೂ ಐನ್" ಅಂದರು. ಹಿಜ್ರಿ 1337 ಮತ್ತು 1343, ಅಂದರೆ 1918-19 ಮತ್ತು 1924-25. ಆಮೇಲೆ ಕಲ್ದಾರನ್ನು ಬೆರಳ ತುದಿಯ ಮೇಲಿಟ್ಟು ಇನ್ನೊಂದರಿಂದ ತಟ್ಟಿ ಕಿವಿಗೆ ಹಿಡಿದರು. 1918ರದ್ದು ಉದ್ದಕ್ಕೆ ಗುಂಯ್‌ಗುಟ್ಟಿತು. 1944ರದ್ದು ಬೇಗ ಸತ್ತಿತು. ನನ್ನ ತಕ್ಕಡಿ, ಲೋಟ, ದಾರ ಎಲ್ಲ ಹೇಳಿದ್ದನ್ನೇ ಅವರ ಕಿವಿ ಅರೆನಿಮಿಷದಲ್ಲಿ ಹೇಳಿತು. ಹಾಲಿ, ಕಲ್ದಾರ್ ಎರಡೂ ಓಡುತ್ತಿದ್ದ ಪೇಟೆಯಲ್ಲಿ ಹುಡುಗನಾಗಿ ಕೂತವರು. ಹಾಲಿ ಸಿಕ್ಕಾ ಪೂರ್ತಿ ನಿಂತದ್ದು 1959ಕ್ಕೆ, ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾದ ಮೇಲೆ. ನಡುವೆ 1957ರಲ್ಲಿ ನಯಾ ಪೈಸೆ ಬೇರೆ ಬಂದಿತ್ತು. "ಮೂರು ಲೆಕ್ಕ ತಲ್ಯಾಗ ಇಟಗೊಂಡು ಗಲ್ಲೆ ಮ್ಯಾಲ ಕೂಡ್ತಿದ್ದಿವಿ" ಅಂದರು.

ಎರಡು 1918, ಒಂದು 1944, ಸವೆದ ವಿಕ್ಟೋರಿಯಾ, ನಾಲ್ಕನ್ನು ಅಲ್ಲೇ ಕೊಟ್ಟೆವು. ಒಂದೊಂದಕ್ಕೂ ಬೇರೆ ತೂಕ, ಬೇರೆ ಟಚ್, ಕೈಗೆ ಚೀಟಿ. ಹತ್ತು ಲಕ್ಷವಲ್ಲ. ಮೋಟರಿನ ವೈಂಡಿಂಗ್‌ಗೆ ಅರ್ಧ ಆಯಿತು, ಉಳಿದದ್ದಕ್ಕೆ ಕಾಕಾ ಕೈಸಾಲ ಮಾಡಿದರು.

ಚಾರ್ಮಿನಾರ್ ಎರಡು ಮತ್ತು ನಾನು ತಿಕ್ಕಿ ಕೆಡಿಸಿದ ಎಡ್ವರ್ಡ್ ಮತ್ತೆ ಹಳದಿ ಬಟ್ಟೆಗೆ ಹೋದವು. ಕಾಕು ಕೇಳಿದರು, ಮುಂದಿನ ಪೂಜೆಗೆ ಹುಣಸೆಹಣ್ಣು ಹಚ್ಚಬಾರದೇನು ಅಂತ. ಬರೀ ನೀರಲ್ಲಿ ಅದ್ದಿ, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ ಅಂದೆ. "ಕರ್ರಗ ಇದ್ರ ಲಕ್ಷ್ಮಿ ಹ್ಯಾಂಗ್ ಬರ್ತಾಳೋ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.